ಎಬ್ಬಿಸಿದ್ದು ಯಾವಾಗ, ಎದ್ದದ್ದು ಯಾವಾಗ

ಅಥವಾ ಭಾಗ್ಯ ಅವತ್ತು ಕಾರಿನಲ್ಲಿ ಏನೂ ಹೇಳಲೇ ಇಲ್ಲವೇನೋ.

ಈ ಪ್ರಸಂಗವನ್ನು ಈಗಾಗಲೇ ಹಲವು ಕಡೆ ಹೇಳಿಯಾಗಿದೆ. ಆಫೀಸಿನ ಊಟದ ಟೇಬಲ್ಲಿನಲ್ಲಿ ಹೇಳಿದಾಗ, ಹಿಂದಿನ ಸೀಟಿನಲ್ಲಿದ್ದ ಭಾಗ್ಯ ಮೆಲ್ಲಗೆ, 'ಸರ್, ನನಗ ತೆಲುಗು ತಿಳಿತೈತ್ರಿ' ಅಂದಳು. ಸಂಜೆ ಮನೆಯಲ್ಲಿ ಹೇಳುವಾಗ ಅದೇ ಮಾತನ್ನು ಅವಳು ಅಚ್ಚ ತೆಲುಗಿನಲ್ಲೇ ಹೇಳಿಬಿಟ್ಟಳು. ತುಮಕೂರಿನ ತಂಗಿಗೆ ಫೋನಿನಲ್ಲಿ ಹೇಳಿ ಮುಗಿಸುವಷ್ಟರಲ್ಲಿ ನಮ್ಮ ಬಾಸ್ ಹೈವೇ ಪಕ್ಕ ಕಾರು ನಿಲ್ಲಿಸಿ ಸಾರಿ ಕೇಳಿದ್ದರು.

ನಮ್ಮ ಬಾಸ್ ಪ್ರಭಾಕರ್ ಗಾರು ಸಾರಿ ಕೇಳುವ ಪೈಕಿ ಅಲ್ಲ. ವಿಜಯವಾಡ ಹೈವೇಯಲ್ಲಿ ಕಾರು ನಿಲ್ಲಿಸುವ ಪೈಕಿಯಂತೂ ಅಲ್ಲವೇ ಅಲ್ಲ.

ನನ್ನ ನೆನಪು ಹೀಗೆ. ಪ್ರತಿ ಸಲ ಹೊರಗೆ ತೆಗೆದಾಗಲೂ ಇಸ್ತ್ರಿ ಮಾಡಿಸಿಕೊಂಡೇ ಬರುತ್ತದೆ. ಸುಕ್ಕು ಎಲ್ಲಿ ಹೋಯಿತು ಅಂತ ಯಾರಾದರೂ ಕೇಳುತ್ತಾರಾ? ಕೇಳುವುದಿಲ್ಲ. ಗರಿಗರಿಯಾಗಿದೆ, ಉಟ್ಟುಕೊಳ್ಳುತ್ತೇವೆ. ಆದ್ದರಿಂದ ಈ ಸಲ ಬೇರೆ ಥರ ಹೇಳಿ ನೋಡುತ್ತೇನೆ. ಗೊತ್ತಿರುವುದನ್ನು ಗಟ್ಟಿಯಾಗಿ ಹೇಳುತ್ತೇನೆ. ಗೊತ್ತಿಲ್ಲದ ಕಡೆ ನಿಂತು, ಇಲ್ಲಿ ಗೊತ್ತಿಲ್ಲ ಅನ್ನುತ್ತೇನೆ. ಓದಲು ಸ್ವಲ್ಪ ಕುಲುಕಾಟ ಆಗಬಹುದು. ಉಪ್ಪಲ್ ರಸ್ತೆಯಲ್ಲಿ ಓಡಾಡುವವರಿಗೆ ಅದೇನು ಹೊಸದಲ್ಲ.

ಭಾಗ್ಯ ನಮ್ಮ ಆಫೀಸಿನ ಎಂಜಿನಿಯರ್, ನನ್ನ ಕೈಕೆಳಗೆ ಕೆಲಸ ಮಾಡುವವಳು. ಗದಗಿನವಳು. ಕೆಲಸ ಇನ್ನೂ ಕಾಯಂ ಆಗಿಲ್ಲ, ಅಂದರೆ ಈ ಕಥೆ ಶುರುವಾದಾಗ ಆಗಿರಲಿಲ್ಲ. ಪ್ರೊಬೇಷನ್. ನಮ್ಮದು ಸಣ್ಣ ಕಂಪನಿ. ಉಪ್ಪಲ್‌ನಲ್ಲಿ ಒಂದು ಮಹಡಿಯ ಅರ್ಧ ನಮ್ಮದು. (ಇನ್ನರ್ಧದಲ್ಲಿ ಒಂದು ಕೋಚಿಂಗ್ ಸೆಂಟರ್ ಇದೆ. ಅವರ ಗಂಟೆ ಬಾರಿಸಿದಾಗಲೇ ನಾವೂ ಟೀಗೆ ಏಳುವುದು.)

ನಾವು ಮಾಡುವುದು ರೈಸ್ ಮಿಲ್ಲುಗಳ ಕಲರ್ ಸಾರ್ಟರ್‌ಗೆ ಬೇಕಾದ ಕಂಪ್ಯೂಟರ್ ಪೆಟ್ಟಿಗೆ. ಮೊರದಲ್ಲಿ ಅಕ್ಕಿ ಹರವಿಕೊಂಡು ಕಪ್ಪು ಕಾಳು ಆರಿಸುತ್ತಿದ್ದರಲ್ಲ, ಅದೇ ಕೆಲಸವನ್ನು ಈ ಯಂತ್ರ ಮಾಡುತ್ತದೆ. ಮೇಲಿನಿಂದ ಅಕ್ಕಿ ತೆಳ್ಳಗೆ ಜಾರಿ ಬೀಳುತ್ತದೆ. ಬೀಳುವಾಗ ಒಂದು ಕ್ಯಾಮೆರಾ ನೋಡುತ್ತದೆ. ಕಪ್ಪು ಕಾಳು ಕಂಡರೆ ಕೆಳಗಿನ ನಾಜಲ್‌ಗೆ ಸುದ್ದಿ ಹೋಗುತ್ತದೆ. ನಾಜಲ್ ಫಟ್ ಅಂತ ಗಾಳಿ ಊದಿ ಆ ಒಂದು ಕಾಳನ್ನು ಪಕ್ಕಕ್ಕೆ ತಳ್ಳುತ್ತದೆ. ಕಾಳು ಬೀಳುತ್ತಲೇ ಇರುತ್ತದೆ, ಕಾಯುವುದಿಲ್ಲ. ಊದುವುದು ಒಂದು ಮಿಲಿಸೆಕೆಂಡ್ ತಡವಾದರೂ ಕಪ್ಪು ಕಾಳು ದಾಟಿ ಚೀಲಕ್ಕೆ ಹೋಗುತ್ತದೆ, ಅದರ ಹಿಂದೆ ಬರುತ್ತಿದ್ದ ಪಾಪದ ಬಿಳಿ ಕಾಳಿಗೆ ಗಾಳಿ ಬೀಳುತ್ತದೆ.

ನೋಡುವ ಭಾಗದ ಪ್ರೋಗ್ರಾಂ ಬೇರೆಯವರದು. ಊದುವ ಭಾಗದ್ದು ಭಾಗ್ಯಳದು.

ಮಿರ್ಯಾಲಗೂಡ ಕಡೆಯ ಒಂದು ಮಿಲ್ಲಿನಲ್ಲಿ ಟ್ರಯಲ್ ಇತ್ತು. ಪ್ರಭಾಕರ್ ಗಾರು, ನಾನು, ಭಾಗ್ಯ, ಮೂವರೂ ಹೋಗಿದ್ದೆವು. ಯಂತ್ರ ಚೆನ್ನಾಗಿಯೇ ಓಡಿತು. ಆಮೇಲೆ ಮಿಲ್ಲಿನ ಯಜಮಾನರು ಒಳ್ಳೆಯ ಅಕ್ಕಿ ಬೀಳುವ ಕಡೆ ಕೈಯೊಡ್ಡಿ ಒಂದು ಬೊಗಸೆ ಹಿಡಿದರು. ಬೆರಳಲ್ಲಿ ಕೆದಕಿದರು. ಕಪ್ಪು ಕಾಳು. ಒಂದೇ ಒಂದು ಅಂತ ಭಾಗ್ಯ ಹೇಳುತ್ತಾಳೆ. ಮೂರ್ನಾಲ್ಕು ಅಂತ ನನ್ನ ನೆನಪು. ಪ್ರಭಾಕರ್ ಗಾರು ಹೇಳುವುದನ್ನು ಕೇಳಿದರೆ ಬೊಗಸೆಯಲ್ಲಿ ಅಕ್ಕಿಯೇ ಇರಲಿಲ್ಲ.

ಯಜಮಾನರು ಬೈಯಲಿಲ್ಲ. ಆ ಕಾಳನ್ನು ನಮ್ಮ ಪೆಟ್ಟಿಗೆಯ ಮೇಲಿಟ್ಟು ಟೀ ತರಿಸಿದರು. ಬೈದಿದ್ದರೇ ಚೆನ್ನಾಗಿತ್ತು.

ವಾಪಸ್ ಬರುವಾಗ ಪ್ರಭಾಕರ್ ಗಾರು ಸ್ಟೀರಿಂಗ್ ಹಿಡಿದುಕೊಂಡೇ ನನ್ನ ಕಡೆ ವಾಲಿ, 'ಏಮಂಡಿ ಮೇಡಂ, ಆ ಅಮ್ಮಾಯಿ ಕೊಂಚೆಂ ಸ್ಲೋ ಕದಾ' ಅಂದರು. ಹುಡುಗಿ ಸ್ವಲ್ಪ ಸ್ಲೋ ಅಲ್ಲವಾ ಅಂತ. ಹುಡುಗಿ ಹಿಂದೆಯೇ ಕೂತಿದ್ದಳು. ಅವಳಿಗೆ ತೆಲುಗು ಬರುವುದಿಲ್ಲ ಅಂತ ಅವರ ಲೆಕ್ಕ. ಸ್ಲೋ ಅನ್ನುವ ಪದ ತಿಳಿಯಲು ಯಾವ ಭಾಷೆ ಬೇಕು ಹೇಳಿ?

ಅವಳು ಏನಾದರೂ ಅಂದಳಾ? ನಾನು ಮುಂದೆ ಕೂತಿದ್ದೆ. ಅವಳ ಮುಖ ಕಾಣುತ್ತಿರಲಿಲ್ಲ. ಯಾರೂ ಏನೂ ಅನ್ನಲಿಲ್ಲ ಅಂತಲೇ ಈಗ ಅನ್ನಿಸುತ್ತದೆ.

ಆ 'ಸ್ಲೋ' ಮಿಲ್ಲಿನಲ್ಲಿ ಹುಟ್ಟಿದ್ದಲ್ಲ. ಅದು ಮೊದಲೇ ಇತ್ತು. ನಮ್ಮ ಮೀಟಿಂಗುಗಳು ಇಂಗ್ಲಿಷಿನಲ್ಲಿ ಶುರುವಾಗಿ ಐದು ನಿಮಿಷದಲ್ಲಿ ತೆಲುಗಿಗೆ ಜಾರುತ್ತವೆ. ಜೋಕುಗಳಂತೂ ತೆಲುಗಿನಲ್ಲೇ. ಎಲ್ಲರೂ ನಕ್ಕ ಮೇಲೆ ಭಾಗ್ಯ ನಗುತ್ತಿದ್ದಳು. ಪ್ರಶ್ನೆ ಕೇಳಿದರೆ ಒಂದು ಗಳಿಗೆ ಸುಮ್ಮನಿದ್ದು ಉತ್ತರ ಹೇಳುತ್ತಿದ್ದಳು. ತಲೆಯೊಳಗೆ ತೆಲುಗನ್ನು ಕನ್ನಡಕ್ಕೆ, ಕನ್ನಡವನ್ನು ಇಂಗ್ಲಿಷಿಗೆ ಸಾಗಿಸಬೇಕಲ್ಲ. ಆ ಸಾಗಣೆ ಯಾರಿಗೆ ಕಾಣುತ್ತದೆ? ಕಾಣುವುದು ತಡ ಮಾತ್ರ. ಮೊದಲು ನಗು ಸ್ಲೋ, ಆಮೇಲೆ ಮಾತು ಸ್ಲೋ. ಮಿಲ್ಲಿಗೆ ಹೋಗಿ ಬಂದ ಮೇಲೆ ಕೋಡೂ ಸ್ಲೋ.

ಪ್ರಭಾಕರ್ ಗಾರು ನನಗೆ ನೇರವಾಗಿಯೇ ಹೇಳಿದರು. ಈ ಟ್ರಯಲಿನ ರಿವ್ಯೂ ದಿನದೊಳಗೆ ಕಾಳು ಯಾಕೆ ದಾಟಿತು ಅಂತ ಕಂಡುಹಿಡಿಯಿರಿ. ತಪ್ಪು ಊದುವ ಕೋಡಿನದಾದರೆ ಆ ಹುಡುಗಿಯನ್ನು ಕಾಯಂ ಮಾಡುವುದು ಕಷ್ಟ. ಕೆಟ್ಟವರಲ್ಲ ಅವರು. ಕಸ್ಟಮರ್ ಮುಂದೆ ಒಂದು ಕಪ್ಪು ಕಾಳನ್ನು ನೋಡುತ್ತಾ ಟೀ ಕುಡಿದಿದ್ದರು, ಅಷ್ಟೆ. ಆದರೆ ಪ್ರೊಬೇಷನ್ ದಾಟದವಳು ಅನ್ನುವ ಹೆಸರು ಈ ಊರಿನ ನಮ್ಮ ಸಣ್ಣ ವಲಯದಲ್ಲಿ ಭಾಗ್ಯಳಿಗಿಂತ ಮುಂಚೆ ಹೋಗಿ ಇಂಟರ್‌ವ್ಯೂ ರೂಮಿನಲ್ಲಿ ಕೂತಿರುತ್ತದೆ. ಅವಳಿಗೂ ಅದು ಗೊತ್ತಿತ್ತು.

ಈಗ ಒಂದು ಪ್ಯಾರಾ ಕಂಪ್ಯೂಟರ್ ಪಾಠ. ಹೆದರಬೇಡಿ, ಪರೀಕ್ಷೆ ಇಲ್ಲ.

ಕಂಪ್ಯೂಟರಿನೊಳಗೆ ಕೆಲಸಗಳು ಬಹಳ, ಅವನ್ನು ಮಾಡುವ ಕೈಗಳು ಕಡಿಮೆ. ಆ ಕೈಗಳಿಗೆ ಕೋರ್ ಅನ್ನುತ್ತೇವೆ. ಯಾರಿಗೆ ಯಾವಾಗ ಸರದಿ ಅಂತ ಹಂಚುವ ಯಜಮಾನನಿಗೆ ಕರ್ನಲ್ ಅನ್ನುತ್ತೇವೆ. ಭಾಗ್ಯಳ ಊದುವ ಕೆಲಸ ಸುಮ್ಮನೆ ಮಲಗಿರುತ್ತದೆ. ಕ್ಯಾಮೆರಾ ಕಪ್ಪು ಕಾಳು ಕಂಡು ಕೂಗಿದಾಗ ಕರ್ನಲ್ ಅದನ್ನು ಎಬ್ಬಿಸುತ್ತದೆ. ಎಬ್ಬಿಸಿದ ಕ್ಷಣಕ್ಕೂ ಅದು ನಿಜವಾಗಿ ಕೆಲಸಕ್ಕೆ ಕೈಹಾಕಿದ ಕ್ಷಣಕ್ಕೂ ನಡುವೆ ಒಂದು ಅಂತರ ಇರುತ್ತದೆ. ಅದೇ ವೇಕಪ್ ಲೇಟೆನ್ಸಿ. ಅದನ್ನು ಹಿಡಿಯಲು ಕರ್ನಲ್‌ನೊಳಗೇ ಒಂದು ಸೌಲಭ್ಯ ಇದೆ, ಟ್ರೇಸಿಂಗ್ ಅಂತ. ಆನ್ ಮಾಡಿದರೆ ಒಳಗೆ ನಡೆಯುವ ಪ್ರತಿಯೊಂದಕ್ಕೂ ಸಮಯದ ಸಮೇತ ಒಂದು ಸಾಲು ಬರೆಯುತ್ತಾ ಹೋಗುತ್ತದೆ. ಇವನು ಇವಳನ್ನು ಇಷ್ಟು ಹೊತ್ತಿಗೆ ಎಬ್ಬಿಸಿದ, ಅವಳು ಇಷ್ಟು ಹೊತ್ತಿಗೆ ಶುರು ಮಾಡಿದಳು.

ನಮ್ಮ ಜೀವನದಲ್ಲಿ ಈ ಎರಡನೆಯ ಸಾಲನ್ನು ಮಾತ್ರ ಎಲ್ಲರೂ ನೋಡುತ್ತಾರೆ. ನಾಂಪಲ್ಲಿಯ ಸರ್ಕಾರಿ ಕಚೇರಿಯಲ್ಲಿ ನಿಮ್ಮ ಹೆಸರು ಕರೆದ ತಕ್ಷಣ ಓಡಿಹೋದರೂ, ಇಷ್ಟು ಹೊತ್ತು ಎಲ್ಲಿದ್ದಿರಿ ಅಂತ ಕೇಳುತ್ತಾರೆ. ಕರೆದದ್ದು ಯಾವಾಗ ಅಂತ ಯಾರಾದರೂ ಬರೆದಿಟ್ಟಿರುತ್ತಾರಾ?

ಆಫೀಸಿನಲ್ಲಿ ಅಳತೆ ಶುರು ಮಾಡಿದೆವು. ಟ್ರೇಸಿಂಗ್ ಆನ್. ಅದರ ಜೊತೆಗೆ ಲೇಟೆನ್ಸಿ ಅಳೆಯುವ ಒಂದು ಟೆಸ್ಟ್ ಪ್ರೋಗ್ರಾಂ. ಈ ಕಸುಬಿನವರೆಲ್ಲ ಬಳಸುವಂಥದ್ದು. ತನಗೆ ತಾನೇ ಅಲಾರಾಂ ಇಟ್ಟುಕೊಂಡು ಮಲಗುತ್ತದೆ, ಎದ್ದು ಎಷ್ಟು ತಡವಾಯಿತು ಅಂತ ಬರೆದುಕೊಳ್ಳುತ್ತದೆ, ಮತ್ತೆ ಮಲಗುತ್ತದೆ. ಅದನ್ನು ಓಡಿಸಿ, ಟೇಬಲ್ ಮೇಲಿನ ಪುಟ್ಟ ಸಾರ್ಟರ್‌ಗೆ ಅಕ್ಕಿ ಸುರಿದು ನೋಡಿದರೆ ಎಲ್ಲವೂ ಸರಿ. ಅಂತರ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಒಂದೇ ಒಂದು ಕಪ್ಪು ಕಾಳು ತಪ್ಪಿಸಿಕೊಳ್ಳಲಿಲ್ಲ.

ಪ್ರಭಾಕರ್ ಗಾರು ಬಂದು ಪರದೆ ನೋಡಿದರು. ಸಿಸ್ಟಮ್ ಸರಿಯಾಗಿದೆ, ಅಳೆದು ನೋಡಿದ್ದೀರಿ, ಹಾಗಾದರೆ ಉಳಿದದ್ದು ಏನು ಅಂದರು. ಉಳಿದದ್ದು ಭಾಗ್ಯ.

ಅವಳು ಅಕ್ಕಿಯ ಡಬ್ಬಿಯನ್ನೇ ನೋಡುತ್ತಿದ್ದಳು. ನಮ್ಮ ಟೆಸ್ಟ್ ಅಕ್ಕಿಯಲ್ಲಿ ಬೇಕಂತಲೇ ತುಂಬಾ ಕಪ್ಪು ಕಾಳು ಬೆರೆಸಿರುತ್ತೇವೆ, ಟೆಸ್ಟ್ ಬೇಗ ಮುಗಿಯಲಿ ಅಂತ.

'ಅಕ್ಕಾರ, ಇಷ್ಟ ಕಪ್ಪ ಕಾಳ ಯಾವ ಮಿಲ್ಲಿನ್ಯಾಗ ಇರ್ತಾವ್ರಿ? ಇದು ಅಕ್ಕಿ ಅಲ್ಲ, ಎಳ್ಳಿನ ಉಂಡಿ ಮಾಡಾಕ ಇಟ್ಟಂಗ ಐತಿ.'

ಮರುದಿನ ಅವಳು ತನ್ನ ರೂಮಿನಿಂದ ಅಕ್ಕಿ ತಂದಳು. ಉಪ್ಪಲ್‌ನಲ್ಲೇ ಇಬ್ಬರು ಹುಡುಗಿಯರ ಜೊತೆ ರೂಮು ಮಾಡಿಕೊಂಡಿದ್ದಾಳೆ. ಮೂವರೂ ಸೇರಿ ತಂದಿದ್ದ ಸೋನಾ ಮಸೂರಿಯನ್ನು ಡಬ್ಬಿ ತುಂಬ ಹೊತ್ತು ತಂದಿದ್ದಳು. (ಆ ಇಬ್ಬರು ಅವತ್ತು ರಾತ್ರಿ ಏನು ತಿಂದರೋ ನಾನು ವಿಚಾರಿಸಲಿಲ್ಲ.) ಅದಕ್ಕೆ ಬೆರಳೆಣಿಕೆಯಷ್ಟು ಕಪ್ಪು ಕಾಳು ಹಾಕಿದೆವು. ಟೆಸ್ಟ್ ಪ್ರೋಗ್ರಾಂ ಓಡುತ್ತಿತ್ತು. ಟ್ರೇಸಿಂಗ್ ಆನ್ ಇತ್ತು. ಅಕ್ಕಿ ಸುರಿದೆವು. ಮತ್ತೆ ಎಲ್ಲವೂ ಸರಿ. ಭಾಗ್ಯ ಮಧ್ಯಾಹ್ನದ ಊಟಕ್ಕೂ ಏಳಲಿಲ್ಲ.

ಮುಂದಿನದು ಹೇಗಾಯಿತು ಅನ್ನುವುದಕ್ಕೆ ಎರಡು ಪಾಠಾಂತರಗಳಿವೆ. ಟೆಸ್ಟ್ ಪ್ರೋಗ್ರಾಂ ನಿಲ್ಲಿಸಿ ಬರೀ ಟ್ರೇಸಿಂಗ್ ಇಟ್ಟು ನೋಡು ಅಂತ ನಾನೇ ಹೇಳಿದೆ ಅನ್ನುವುದು ನನ್ನದು. ಅಕ್ಕಾರ ಊಟಕ್ಕ ಹೋಗಿದ್ರು, ಸಿಟ್ಟಿಗೆ ನಾನೇ ಎಲ್ಲಾ ಬಂದ್ ಮಾಡಿ ಮತ್ತ ಹಚ್ಚಿದಾಗ ಆ ಪ್ರೋಗ್ರಾಂ ಹಚ್ಚೂದು ಮರತೆ ಅನ್ನುವುದು ಅವಳದು. ಅವಳದೇ ನಿಜ ಇರಬೇಕು. ನನ್ನದರಲ್ಲಿ ನಾನು ತೀರಾ ಬುದ್ಧಿವಂತೆ.

ಪರದೆಯ ಮೇಲೆ ಬಂದದ್ದರಲ್ಲಿ ಮಾತ್ರ ಪಾಠಾಂತರ ಇಲ್ಲ. ಕ್ಯಾಮೆರಾ ಕೂಗಿದ ಸಾಲು ಇತ್ತು. ಭಾಗ್ಯಳ ಕೆಲಸವನ್ನು ಎಬ್ಬಿಸಿದ ಸಾಲೂ ಅಲ್ಲೇ ಇತ್ತು. ಅದು ಶುರುವಾದ ಸಾಲು ಎಲ್ಲೋ ಕೆಳಗೆ, ಒಂದು ಮಿಲಿಸೆಕೆಂಡಿಗೂ ಹೆಚ್ಚು ದೂರದಲ್ಲಿ. ನಡುವೆ ಅವಳ ಸರದಿಯನ್ನು ಬೇರೆ ಯಾರಾದರೂ ಕಿತ್ತುಕೊಂಡಿದ್ದರಾ? ಇಲ್ಲ. ಆ ಕೋರಿನಲ್ಲಿ ಆಗ ಯಾರೂ ಇರಲಿಲ್ಲ. ಕೋರೇ ಗಾಢ ನಿದ್ದೆಯಲ್ಲಿತ್ತು. ಎದ್ದು ಕಣ್ಣು ಹೊಸಕಿಕೊಂಡು ಬರುವಷ್ಟರಲ್ಲಿ ಕಾಳು ದಾಟಿ ಹೋಗಿತ್ತು. ಭಾಗ್ಯಳ ಕೆಲಸ ಬಾಗಿಲಲ್ಲಿ ಸಿದ್ಧವಾಗಿಯೇ ನಿಂತಿತ್ತು. ಮನೆಯ ದೀಪ ಹತ್ತಿರಲಿಲ್ಲ.

ಕೋರ್‌ಗೆ ಗಾಢ ನಿದ್ದೆ ಯಾಕೆ ಬಂತು? ನಾವೇ ಬರಿಸಿದ್ದು. ಊದುವ ಕೆಲಸಕ್ಕೆ ಯಾರೂ ಅಡ್ಡಿಪಡಿಸಬಾರದು ಅಂತ ಒಂದು ಇಡೀ ಕೋರನ್ನು ಅದಕ್ಕೇ ಬಿಟ್ಟುಕೊಟ್ಟು, ಬೇರೆ ಯಾರೂ ಆ ಕಡೆ ಸುಳಿಯದಂತೆ ಮಾಡಿದ್ದೆವು. ಕೊಳಕು ಅಕ್ಕಿ ಬಂದರೆ ಕಪ್ಪು ಕಾಳು ಕಂಡು ಕ್ಯಾಮೆರಾ ಪದೇ ಪದೇ ಕೂಗುತ್ತದೆ, ಕೋರ್‌ಗೆ ತೂಕಡಿಸಲೂ ಆಗುವುದಿಲ್ಲ. ಅಕ್ಕಿ ಸ್ವಚ್ಛವಾದಷ್ಟೂ ಕೂಗು ಕಡಿಮೆ. ಕರೆಂಟು ಉಳಿಸಲು ಕೋರ್ ಹೊದ್ದು ಮಲಗುತ್ತದೆ. ಒಳ್ಳೆಯ ಅಕ್ಕಿಯಲ್ಲಿ ಹೆಚ್ಚು ಎಡವುವ ಯಂತ್ರವನ್ನು ನಾವು ಮಾಡಿದ್ದೆವು.

ಇನ್ನು ಆ ಟೆಸ್ಟ್ ಪ್ರೋಗ್ರಾಂ. ಅದು ಶುರುವಾಗುವಾಗಲೇ ಕರ್ನಲ್‌ಗೆ ಒಂದು ವಿನಂತಿ ಮಾಡಿಕೊಳ್ಳುತ್ತದೆ. ನಾನು ಇರುವಷ್ಟು ಹೊತ್ತು ಯಾವ ಕೋರನ್ನೂ ಗಾಢ ನಿದ್ದೆಗೆ ಬಿಡಬೇಡ ಅಂತ. ಏಳಲು ಎಷ್ಟು ತಡ ಅಂತ ಅಳೆಯಲು ಬಂದದ್ದು ಮಲಗಲಿಕ್ಕೇ ಬಿಡುತ್ತಿರಲಿಲ್ಲ. ಇದೇನು ಗುಟ್ಟಲ್ಲ. ಮ್ಯಾನ್ಯುಯಲ್‌ನಲ್ಲಿ ಬರೆದಿದೆ. ಮ್ಯಾನ್ಯುಯಲ್ ನಾನು ಓದಿದ್ದೆ. ಓದಿದ್ದೆ ಅಂತ ನೆನಪು. (ನೆನಪಿನ ಬಗ್ಗೆ ನನ್ನ ಅಭಿಪ್ರಾಯಕ್ಕೆ ಮೇಲೆ ನೋಡಿ.)

ನಮ್ಮ ಮನೆ ಕುಷಾಯಿಗೂಡದಲ್ಲಿ. ಮಾವ ಅಲ್ಲಿನ ಫ್ಯಾಕ್ಟರಿಯಲ್ಲಿದ್ದವರು. ಬಾಗಲಕೋಟೆ ಕಡೆಯಿಂದ ಬಂದು ಅಲ್ಲೇ ನೆಲೆ ನಿಂತವರು. ಅತ್ತೆಗೆ ಮಧ್ಯಾಹ್ನ ನಿದ್ದೆ ಬರುವುದಿಲ್ಲ ಅನ್ನುವ ದೂರು ಇದೆ. ಆ ಭಾನುವಾರ ಅವರು ಕಣ್ಣು ಮುಚ್ಚಿ ಮಲಗಿದ್ದರು. ನಾನು ಬಾಗಿಲಲ್ಲಿ ನಿಂತು, 'ನಿದ್ದೆ ಬಂತಾ ಅತ್ತೆ?' ಅಂದೆ.

'ಈಗ ಬರಾಕತ್ತಿತ್ತು. ನೀ ಕೇಳಿದಿ, ಹೋತು.'

ಎಷ್ಟು ವರ್ಷದಿಂದ ಪ್ರತಿ ಭಾನುವಾರ ಹೀಗೇ ಕೇಳುತ್ತಿದ್ದೇನೆ? ಅವರ ನಿದ್ದೆಯ ಬಗ್ಗೆ ನನಗೆ ಗೊತ್ತಿರುವುದೆಲ್ಲ ನಾನೇ ಕೆಡಿಸಿ ತಿಳಿದುಕೊಂಡದ್ದು. ಆಫೀಸುಗಳಲ್ಲಿ ನಡೆಯುವುದು ಬೇರೆಯಾ? ಮ್ಯಾನೇಜರ್ ಬಂದು ಬೆನ್ನ ಹಿಂದೆ ನಿಂತಾಗ ಎಲ್ಲರ ಬೆರಳೂ ಕೀಬೋರ್ಡಿನ ಮೇಲೆ. ನಮ್ಮ ಟೀಮು ಬಹಳ ಚುರುಕು ಅಂತ ಅವರು ವರದಿ ಕೊಡುತ್ತಾರೆ. ನಂಬಿಯೇ ಕೊಡುತ್ತಾರೆ. ಪಾಪ, ಅವರು ಕಂಡದ್ದು ಅದನ್ನೇ.

ಸರಿ, ಕಾರಣ ಸಿಕ್ಕಿತು. ಗಾಢ ನಿದ್ದೆಯನ್ನು ನಿಲ್ಲಿಸಿದರೆ ಸಾಕು. ಭಾಗ್ಯ ನಿರಪರಾಧಿ. ಕಥೆ ಇಲ್ಲಿಗೆ ಮುಗಿದಿದ್ದರೆ ತಂಗಿಗೆ ಹೇಳಲು ಎಷ್ಟು ಚೆನ್ನಾಗಿರುತ್ತಿತ್ತು.

ಮಿಲ್ಲಿಗೆ ಹೋದ ದಿನವೂ ಪೆಟ್ಟಿಗೆಯಲ್ಲಿ ಟ್ರೇಸಿಂಗ್ ಆನ್ ಇತ್ತು. ಅವತ್ತಿನ ಸಾಲುಗಳಲ್ಲೂ ಇದೇ ಅಂತರ ತೋರಿಸಿಬಿಟ್ಟರೆ ಮಾತೇ ಮುಗಿಯಿತು. ಅವತ್ತು ಉಳಿಸಿಕೊಂಡು ಬಂದು ತೆರೆಯದೇ ಬಿಟ್ಟಿದ್ದ ಫೈಲನ್ನು ಈಗ ತೆಗೆದು ನೋಡಿದೆವು. ಟ್ರೇಸಿಂಗ್ ಬರೆಯುವ ಜಾಗ ಚಿಕ್ಕದು, ಚಕ್ರದ ಹಾಗೆ ಸುತ್ತುತ್ತದೆ. ತುಂಬಿದ ಮೇಲೆ ಹಳೆಯದರ ಮೇಲೆ ಹೊಸದನ್ನು ಬರೆಯುತ್ತದೆ. ನಾವು ಟೀ ಕುಡಿಯುತ್ತಾ ಪೆಟ್ಟಿಗೆಯನ್ನು ಓಡಲು ಬಿಟ್ಟಿದ್ದೆವು. ಕಾಳು ದಾಟಿದ ಹೊತ್ತಿನ ಸಾಲುಗಳು ಇರಬೇಕಾದ ಕಡೆ ಕರ್ನಲ್ ಒಂದು ಷರಾ ಹಾಕಿತ್ತು. ಇಷ್ಟು ಘಟನೆಗಳು ಕಳೆದುಹೋಗಿವೆ ಅಂತ.

ನಾನು ಆ ಷರಾವನ್ನು ಬಹಳ ಹೊತ್ತು ನೋಡಿದೆ. ಏನು ಮರ್ಯಾದಸ್ಥ ಯಂತ್ರ! ತನಗೆ ನೆನಪಿಲ್ಲದ ಕಡೆ ನೆನಪಿಲ್ಲ ಅಂತ ಬರೆಯುತ್ತದೆ. ನನ್ನ ತಲೆ ಯಾವತ್ತಾದರೂ ಹೀಗೆ ಬರೆದಿದೆಯಾ? ಕಳೆದುಹೋದ ಜಾಗಕ್ಕೆ ತಕ್ಷಣ ಒಂದು ತುಂಡು ಬಟ್ಟೆ ಹೊಲಿದು, ಹೊಲಿಗೆ ಕಾಣದ ಹಾಗೆ ಮಾಡಿ, ಕೈಗೆ ಕೊಡುತ್ತದೆ. ಬಾಸ್ ಕಾರು ನಿಲ್ಲಿಸಿ ಸಾರಿ ಕೇಳಿದರು ಅಂತ.

ರಿವ್ಯೂಗೆ ಮೊದಲಿನ ದಿನ. ಆಫೀಸಿನ ಕೆಳಗೆ ಇರಾನಿ ಚಾಯ್ ಅಂಗಡಿಯಲ್ಲಿ ಭಾಗ್ಯ ಮತ್ತು ನಾನು ನಿಂತಿದ್ದೆವು. ಅವಳ ಚಹಾ ಆರಿಹೋಗುತ್ತಿತ್ತು.

'ಅಕ್ಕಾರ, ಒಂದ ಮಾತ ಹೇಳೂದಿತ್ತು.'

'ಹೇಳಮ್ಮ.'

'ಮಿಲ್ಲಿಗೆ ಹೋದ ದಿನ ಮುಂಜಾನೆ ನನ್ನ ಕೋಡಿನ್ಯಾಗ ಒಂದ ಪ್ರಿಂಟ್ ಲೈನ್ ಹಾಕಿದ್ದೆರಿ. ತಗಿಯೂದು ಮರತೆ. ಹೋಗಿ ಬಂದ ಮ್ಯಾಲೆ ನೆನಪಾತು, ತಗದೆ.'

ಪ್ರಿಂಟ್ ಲೈನ್ ಅಂದರೆ ಕೋಡು ತಾನು ಏನು ಮಾಡುತ್ತಿದ್ದೇನೆ ಅಂತ ಪರದೆಯ ಮೇಲೆ ಬರೆಯುವ ಒಂದು ಸಾಲು. ಹುಡುಕಾಟಕ್ಕೆ ಅನುಕೂಲ ಅಂತ ನಾವೆಲ್ಲ ಹಾಕುತ್ತೇವೆ, ಆಮೇಲೆ ತೆಗೆಯುತ್ತೇವೆ. ಅವಳದು ಊದುವ ಆಜ್ಞೆಗೂ ಮುಂಚೆ ಇತ್ತು. ಅಂದರೆ ಊದುವ ಮೊದಲು, ಈಗ ಊದುತ್ತೇನೆ ಅಂತ ಬರೆದು ಆಮೇಲೆ ಊದುವುದು. ಆ ಬರವಣಿಗೆ ಒಮ್ಮೊಮ್ಮೆ ಕ್ಷಣದಲ್ಲಿ ಮುಗಿಯುತ್ತದೆ. ಒಮ್ಮೊಮ್ಮೆ ಸಿಕ್ಕಿಹಾಕಿಕೊಳ್ಳುತ್ತದೆ. ಸಿಕ್ಕಿಹಾಕಿಕೊಂಡರೆ ಮಿಲಿಸೆಕೆಂಡ್ ಏನು ಮಹಾ, ಅದಕ್ಕಿಂತ ಹೆಚ್ಚೇ ತಡ.

'ಯಾರಿಗಾದರೂ ಹೇಳಿದೀಯಾ?'

'ಇಲ್ಲರಿ. ಹೆದರಿಕಿ ಆಗಿತ್ತು. ಮೊದಲ ಸ್ಲೋ ಅಂತಾರ.'

ನಾನು ಏನು ಹೇಳಿದೆ ಅನ್ನುವುದು ನನಗೆ ಚೆನ್ನಾಗಿ ನೆನಪಿದೆ. ಚೆನ್ನಾಗಿ ನೆನಪಿದೆ ಅಂದಮೇಲೆ ಸ್ವಲ್ಪ ಅನುಮಾನದಿಂದಲೇ ಓದಿ. ಬಿಟ್ಟುಬಿಡು, ಕಾರಣ ಸಿಕ್ಕಿದೆ, ಆ ಲೈನೂ ಈಗ ಇಲ್ಲ, ಸುಮ್ಮನೆ ಯಾಕೆ ತಲೆ ಮೇಲೆ ಎಳೆದುಕೊಳ್ಳುತ್ತೀಯ ಅಂದೆ.

'ಯಾವ ಕಾರಣ ಸಿಕ್ಕೈತ್ರಿ? ಒಂದ ಕಾರಣ ಸಿಕ್ಕೈತಿ. ಅವತ್ತಿಂದು ಅದ ಅಂತ ಯಾರ ಹೇಳ್ಯಾರ?'

ನಿನಗೋಸ್ಕರವೇ ಹೇಳುತ್ತಿದ್ದೇನೆ ಅಂದೆ.

'ನಾ ಏನ ಕಟಕಟಿ ಒಳಗ ನಿಂತೀನೇನ್ರಿ, ನೀವು ವಕೀಲರಾಗಾಕ?'

ಅಂಗಡಿಯವನು ಸಮೋಸಾ ಬೇಕಾ ಅಂತ ಹಿಂದಿಯಲ್ಲಿ ಕೇಳಿದ. ಇಬ್ಬರೂ ಬೇಡ ಅಂದೆವು. ಆಮೇಲೆ ಇಬ್ಬರೂ ತಿಂದೆವು.

ಅವತ್ತೇ ಮೇಲೆ ಹೋಗಿ ಆ ಪ್ರಿಂಟ್ ಲೈನ್ ಮತ್ತೆ ಹಾಕಿ, ಗಾಢ ನಿದ್ದೆ ನಿಲ್ಲಿಸಿ ಓಡಿಸಿದೆವು. ಕೆಲವು ಸಲ ತಡ, ಕೆಲವು ಸಲ ಇಲ್ಲ. ಲೈನ್ ತೆಗೆದು, ನಿದ್ದೆಗೆ ಬಿಟ್ಟು ಓಡಿಸಿದೆವು. ಕೆಲವು ಸಲ ತಡ, ಕೆಲವು ಸಲ ಇಲ್ಲ. ಕಾಳನ್ನು ದಾಟಿಸಲು ಎರಡಕ್ಕೂ ಶಕ್ತಿಯಿದೆ. ಅವತ್ತು ದಾಟಿಸಿದ್ದು ಯಾವುದು ಅಂತ ಹೇಳುವ ಸಾಲು ಮಾತ್ರ ಕಳೆದುಹೋದವುಗಳ ಪೈಕಿ.

ರಿವ್ಯೂನಲ್ಲಿ ನಾವು ಮೂವರೇ. ಪ್ರೊಜೆಕ್ಟರ್ ಹಾಕಿ ಗಾಢ ನಿದ್ದೆಯ ಟ್ರೇಸ್ ತೋರಿಸಿದೆ. ಪ್ರಭಾಕರ್ ಗಾರು ಎದ್ದು ಬಂದು ಪರದೆಯ ಹತ್ತಿರ ನಿಂತು ಅಂತರದ ಮೇಲೆ ಬೆರಳಿಟ್ಟರು. ಅವರಿಗೆ ಖುಷಿಯಾಗಿತ್ತು. 'ಇದಿ ಕದಾ ರೂಟ್ ಕಾಸ್' ಅಂದರು. ಇದೇ ಅಲ್ಲವಾ ಮೂಲ ಕಾರಣ ಅಂತ. ಇದನ್ನೇ ಬರೆದು ಮಿಲ್ಲಿಗೆ ಕಳಿಸೋಣ ಅಂದರು. ನಾನು ಭಾಗ್ಯಳ ಕಡೆ ನೋಡಲಿಲ್ಲ. ನೋಡಿದರೆ, ಹೇಳು ಅಂದಂತಾಗುತ್ತದೆ. ನೋಡದಿದ್ದರೆ, ಬೇಡ ಅಂದಂತಾಗುತ್ತದೆ. ಟೀ ಲೋಟ ನೋಡಿದೆ.

ಒಂದು ಗಳಿಗೆ. ಅವಳ ಆ ಎಂದಿನ ಗಳಿಗೆ.

ಆಮೇಲೆ ಅವಳು ಪ್ರಿಂಟ್ ಲೈನಿನ ವಿಷಯ ಹೇಳಿದಳು. ಇಂಗ್ಲಿಷಿನಲ್ಲಿ, ಸಾವಕಾಶವಾಗಿ, ಏನೂ ಬಿಡದೆ. ಮೊದಲೇ ಯಾಕೆ ಹೇಳಲಿಲ್ಲ ಅನ್ನುವುದನ್ನೂ ಸೇರಿಸಿ ಹೇಳಿದಳು. ಪ್ರಭಾಕರ್ ಗಾರು ಬೆರಳನ್ನು ಪರದೆಯಿಂದ ತೆಗೆದರು. ಅಂತರದ ಬೆಳಕು ಅವರ ಅಂಗಿಯ ಮೇಲೆ ಬಿದ್ದಿತ್ತು.

'ಮರಿ ರಿಪೋರ್ಟ್‌ಲೋ ಏಮಿ ರಾಯಾಲಿ?' ಹಾಗಾದರೆ ರಿಪೋರ್ಟಿನಲ್ಲಿ ಏನು ಬರೆಯುವುದು? ಅವರು ಕೇಳಿದ್ದು ನನ್ನನ್ನು.

ಉತ್ತರ ಬಂದದ್ದು ಭಾಗ್ಯಳಿಂದ. ತೆಲುಗಿನಲ್ಲಿ. ಈ ಸಲ ಗಳಿಗೆ ಹಿಡಿಯಲಿಲ್ಲ.

'ತೆಲಿಯದನಿ ರಾಯಂಡಿ ಸರ್.'

ಗೊತ್ತಿಲ್ಲ ಅಂತ ಬರೆಯಿರಿ.

ಇದು ಇಸ್ತ್ರಿ ಮಾಡಿದ್ದಲ್ಲ. ಆಮೇಲೆ ಭಾಗ್ಯಳನ್ನು ಕೇಳಿದೆ, ಹೌದು ಅಂದಳು. ಪ್ರಭಾಕರ್ ಗಾರು ಅವರ ಬಳಿಯೂ ವಿಚಾರಿಸಿದೆ, ಹೌದು ಅಂದರು, ಅವಳ ಉಚ್ಚಾರ ತಮಾಷೆಯಾಗಿತ್ತು ಅಂತಲೂ ಸೇರಿಸಿದರು. ಮೂರು ನೆನಪುಗಳು ಒಂದೇ ಮಾತು ಹೇಳುವ ಜಾಗ ಈ ಇಡೀ ಪ್ರಸಂಗದಲ್ಲಿ ಇದೊಂದೇ.

ಪ್ರಭಾಕರ್ ಗಾರು ಅವತ್ತು ಕಸ್ಟಮರಿಗೆ ಗೊತ್ತಿಲ್ಲ ಅಂತ ಕಳಿಸುವುದು ಹೇಗೆ ಅಂತ ಗೊಣಗುತ್ತಾ ಹೊರಗೆ ಹೋದರು. ಮರುದಿನ ನನ್ನ ಟೇಬಲ್ಲಿಗೆ ಬಂದು, ಎರಡನೆಯ ಟ್ರಯಲ್ ಆಗಲಿ, ಅಲ್ಲಿಯವರೆಗೆ ಆ ಹುಡುಗಿಯ ವಿಷಯ ಹಾಗೇ ಇರಲಿ ಅಂದರು. ಭಾಗ್ಯಳಿಗೆ ತಿಳಿಸಿದೆ. ತಲೆ ಆಡಿಸಿದಳು. ಆ ವಾರ ಅವಳು ನಕ್ಕದ್ದು ನಾನು ನೋಡಲಿಲ್ಲ, ಜೋಕಿಗೆ ತಡವಾಗಿಯೂ ಸಹ.

ಮತ್ತೆ ಮಿರ್ಯಾಲಗೂಡ ದಾರಿ. ಮತ್ತೆ ಅದೇ ಮಿಲ್ಲು. ಭಾಗ್ಯಳಿಗೆ ಒಂದು ಆಸೆ ಇತ್ತು. ಮೊದಲು ಪ್ರಿಂಟ್ ಲೈನ್ ಇಟ್ಟು ಓಡಿಸೋಣ, ಆಮೇಲೆ ಅದನ್ನು ತೆಗೆದು ನಿದ್ದೆಗೆ ಬಿಟ್ಟು ಓಡಿಸೋಣ, ಮಿಲ್ಲಿನ ಅಕ್ಕಿಯಲ್ಲೇ ಯಾವುದು ಹೆಚ್ಚು ತಪ್ಪುತ್ತದೆ ನೋಡೋಣ ಅಂತ. ನನ್ನ ಬೆಂಬಲವೂ ಇತ್ತು. ಯಜಮಾನರು ಕೈ ಮುಗಿದರು. ತಪ್ಪುತ್ತದೆ ಅಂತ ಗೊತ್ತಿದ್ದೂ ತಪ್ಪಿಸಿ ನೋಡಲು ನನ್ನ ಅಕ್ಕಿಯೇ ಬೇಕಾ ಅಂದರು. ಅವರ ಮಾತಿನಲ್ಲಿ ಏನು ತಪ್ಪಿದೆ?

ಲೈನ್ ಇಲ್ಲದೆ, ಗಾಢ ನಿದ್ದೆಗೂ ಬಿಡದೆ ಓಡಿಸಿದೆವು. ಯಜಮಾನರು ಬೊಗಸೆಯ ಮೇಲೆ ಬೊಗಸೆ ಹಿಡಿದು ಕೆದಕಿದರು. ಅವರ ಮನೆಯವರನ್ನೂ ಕರೆಸಿ ಕೆದಕಿಸಿದರು. ಆ ಅಮ್ಮ ಅಂಗೈಯನ್ನು ಬೆಳಕಿಗೆ ಹಿಡಿದು ಒಂದೊಂದೇ ಕಾಳು ಸರಿಸಿ ನೋಡಿ, ಏನೂ ಇಲ್ಲ ಅಂದರು. ಪೆಟ್ಟಿಗೆ ಅಲ್ಲೇ ಉಳಿಯಿತು.

ಭಾಗ್ಯಳ ಕೆಲಸ ಕಾಯಂ ಆಯಿತು. ಪ್ರಭಾಕರ್ ಗಾರು ಅವಳನ್ನು ಕರೆದು ತಾವೇ ಹೇಳಿದರು. ಸ್ಲೋ ಅಂದದ್ದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಅವಳೂ ಕೇಳಲಿಲ್ಲ. ರಿಪೋರ್ಟಿನಲ್ಲಿ ಎರಡೂ ಕಾರಣಗಳನ್ನು ಬರೆದೆವು, ಎರಡನ್ನೂ ತೆಗೆದಿದ್ದೇವೆ ಅಂತಲೂ ಬರೆದೆವು. ಅದರ ಕೆಳಗೆ ಭಾಗ್ಯ ಹೇಳಿದ ಮಾತನ್ನು ಇಂಗ್ಲಿಷಿನಲ್ಲಿ ಹಾಕಿದೆ. ಪ್ರಭಾಕರ್ ಗಾರು ಓದಿದರು, ತುಟಿ ಕಚ್ಚಿದರು, ಹೊಡೆದು ಹಾಕಲಿಲ್ಲ.

ಒಂದನ್ನು ಮುಟ್ಟಿ ನೋಡಿ ಆಮೇಲೆ ಇನ್ನೊಂದನ್ನು ಮುಟ್ಟು ಅಂತ ಹೊಸಬರಿಗೆಲ್ಲ ನಾನು ಹೇಳಿಕೊಡುತ್ತೇನೆ. ಮಿಲ್ಲಿನಲ್ಲಿ ಎರಡನ್ನೂ ಒಟ್ಟಿಗೆ ಸರಿಪಡಿಸಿದೆವು. ಯಂತ್ರ ಸರಿಹೋಯಿತು. ಪ್ರಶ್ನೆ ಹಾಗೇ ಉಳಿಯಿತು.

ಮೊದಲ ದಿನ ಆ ಕಾಳು ಕೋರಿನ ನಿದ್ದೆಯಿಂದ ದಾಟಿತೋ, ಭಾಗ್ಯಳ ಮರೆವಿನಿಂದ ದಾಟಿತೋ, ನನಗೆ ಗೊತ್ತಿಲ್ಲ.